ಹಳೆ ಚೈನ್ ಸಾ ಬಾರ್ ಸಿಕ್ಕಿದೆಯಾ? ಉಜ್ಜುವ ಮೊದಲು ಓದಿ

"ಗೋಡೌನ್ ಕ್ಲೀನ್ ಮಾಡುವಾಗ ಈ ಬಾರ್ ಸಿಕ್ಕಿತು. ಯಾವ ಮೆಷಿನ್‌ದು? ಎಷ್ಟು ಹಳೆಯದು? ಇಟ್ಟುಕೊಳ್ಳಲಾ, ಗುಜರಿಗೆ ಹಾಕಲಾ?" ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಇದೇ. ಜೊತೆಗೆ ಒಂದು ಫೋಟೊ. ಆ ಫೋಟೊದಲ್ಲಿ ಬಾರ್ ಕನ್ನಡಿ ಹಾಗೆ ಹೊಳೆಯುತ್ತಿರುತ್ತದೆ. ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ, ಚೆನ್ನಾಗಿ ಉಜ್ಜಿ, ಆಮೇಲೆ ಫೋಟೊ ತೆಗೆದಿರುತ್ತಾರೆ. ಏನು ಹೇಳಲಿ? ಹೇಳಬೇಕಾದದ್ದೆಲ್ಲ ಆ ತುಕ್ಕಿನ ಜೊತೆಗೇ ಉದುರಿ ಹೋಗಿರುತ್ತದೆ.

ನಾನೂ ಮೊದಲ ಬಾರ್ ಹಾಗೇ ಹಾಳು ಮಾಡಿದವನು. ಉಜ್ಜುತ್ತಾ ಹೋದ ಹಾಗೆ 'ವೆಸ್ಟ್ ಜರ್ಮನಿ' ಅನ್ನುವ ಅಕ್ಷರದಲ್ಲಿ 'ವೆಸ್ಟ್' ಹೋಯಿತು, 'ಜರ್ಮನಿ' ಮಾತ್ರ ಉಳಿಯಿತು. ಆ ಒಂದು ಪದ ಎಷ್ಟು ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಮೊದಲು ಪದಗಳು ಸ್ಪಷ್ಟ ಇರಲಿ. ಮರ ಕೊಯ್ಯುವ ಮೆಷಿನ್‌ನಲ್ಲಿ ಚೈನ್ ಓಡುವ ಉದ್ದನೆಯ ಉಕ್ಕಿನ ಪಟ್ಟಿ ಇದೆಯಲ್ಲ, ಅದೇ ಗೈಡ್ ಬಾರ್. ಕೆಲವರು ಪ್ಲೇಟ್ ಅಂತಾರೆ, ಕೆಲವರು ಬ್ಲೇಡ್ ಅಂತಾರೆ. ಬ್ಲೇಡ್ ಅನ್ನೋದು ಸರಿಯಲ್ಲ, ಯಾಕೆಂದರೆ ಕೊಯ್ಯೋದು ಚೈನ್, ಬಾರ್ ಅಲ್ಲ. ಬಾರ್ ಬರೀ ದಾರಿ ತೋರಿಸುತ್ತದೆ. ಮೆಷಿನ್‌ಗೆ ಸೇರುವ ತುದಿಗೆ ಈ ಲೇಖನದಲ್ಲಿ ಬಾಲ ಅನ್ನುತ್ತೇನೆ, ಮರಕ್ಕೆ ಹೋಗುವ ತುದಿಗೆ ಮೂತಿ. ಅಂಚಿನ ಸುತ್ತ ಇರುವ ಸೀಳು ಗ್ರೂವ್. ಗ್ರೂವ್‌ನ ಎರಡು ಬದಿಯ ದಡ ರೈಲು. ಇಷ್ಟು ಗೊತ್ತಿದ್ದರೆ ಸಾಕು.

1. ಏನೇನು ಬೇಕು

ದುಬಾರಿ ಸಾಮಾನು ಯಾವುದೂ ಬೇಡ. ಒಂದು ಉಕ್ಕಿನ ಸ್ಕೇಲು, ಒಂದು ವರ್ನಿಯರ್ ಕ್ಯಾಲಿಪರ್ (ಪ್ಲಾಸ್ಟಿಕ್‌ದಾದರೂ ನಡೆಯುತ್ತದೆ), ಬೈಕ್ ಮೆಕ್ಯಾನಿಕ್‌ಗಳು ವಾಲ್ವ್ ಸೆಟ್ ಮಾಡಲು ಇಟ್ಟುಕೊಳ್ಳುವ ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳ ಗೊಂಚಲು), ಟಾರ್ಚು, ಸೀಮೆಸುಣ್ಣ, ಪೆನ್ಸಿಲ್ಲು, ತೆಳು ಕಾಗದ. ಹಳೆ ಹಲ್ಲುಜ್ಜುವ ಬ್ರಷ್ ಎರಡು. ಸೀಮೆಎಣ್ಣೆ ಈಗ ಸಿಗೋದು ಕಷ್ಟ, ಡೀಸೆಲ್ ಸಾಕು. ಮತ್ತೆ ಒಂದು ನೋಟ್‌ಬುಕ್. ಗ್ರೈಂಡರ್ ಮಾತ್ರ ಮನೆಯ ಒಳಗೇ ಇರಲಿ, ಆಚೆ ತರಬೇಡಿ.

2. ಎಲ್ಲಿ ಹುಡುಕಬೇಕು, ಯಾವಾಗ

ಕೊಡಗಿನಲ್ಲಿ ಇದಕ್ಕೆ ಎರಡು ಸೀಸನ್ ಇದೆ. ಒಂದು, ಕೊಯ್ಲು ಮುಗಿದು ಗೋಡೌನ್ ಖಾಲಿಯಾಗುವ ಸಮಯ. ಮೂಲೆಯಲ್ಲಿ ವರ್ಷಗಟ್ಟಲೆ ಒರಗಿ ನಿಂತಿದ್ದ ಸಾಮಾನೆಲ್ಲ ಆಗ ಅಂಗಳಕ್ಕೆ ಬರುತ್ತದೆ. ಎರಡು, ಮಳೆಗೆ ಮೊದಲು ಮರ ಕಪಾತು ನಡೆಯುವ ಏಪ್ರಿಲ್, ಮೇ ತಿಂಗಳು. ಆಗ ಮೆಷಿನ್‌ಗಳೆಲ್ಲ ರಿಪೇರಿಗೆ ಬರುತ್ತವೆ. ಗೋಣಿಕೊಪ್ಪ, ಸಿದ್ದಾಪುರ, ಕುಶಾಲನಗರ, ಸೋಮವಾರಪೇಟೆ ಕಡೆ ಚೈನ್ ಸಾ ರಿಪೇರಿ ಮಾಡುವವರ ಹಿಂದಿನ ಗೋಡೆ ನೋಡಿ. ಸವೆದ ಬಾರ್‌ಗಳನ್ನು ಮೊಳೆಗೆ ನೇತುಹಾಕಿರುತ್ತಾರೆ, ಬೇಲಿ ಗೇಟಿಗೋ ಬೆಂಚಿನ ಕಾಲಿಗೋ ಬರಲಿ ಅಂತ. ಗುಜರಿ ಅಂಗಡಿಯಲ್ಲಿ ಇದು ಕಬ್ಬಿಣದ ಲೆಕ್ಕ, ಕೆಜಿಗೆ ಇಷ್ಟು ಅಂತ ತೂಗಿ ಕೊಡುತ್ತಾರೆ.

ಆಯುಧಪೂಜೆ ದಿನ ತೋಟದ ಮೆಷಿನ್‌ಗಳೆಲ್ಲ ತೊಳೆದು, ಕುಂಕುಮ ಹಚ್ಚಿ ಸಾಲಾಗಿ ಇಟ್ಟಿರುತ್ತಾರೆ. ಯಾರ ಹತ್ತಿರ ಏನಿದೆ ಅಂತ ನೋಡಲು ಅದಕ್ಕಿಂತ ಒಳ್ಳೆ ದಿನ ಇಲ್ಲ. ಆದರೆ ಆವತ್ತು 'ಇದನ್ನು ಮಾರುತ್ತೀರಾ' ಅಂತ ಮಾತ್ರ ಕೇಳಬೇಡಿ. ಪ್ರಸಾದ ತಿಂದು, ಕಣ್ಣಲ್ಲೇ ಗುರುತು ಹಾಕಿಕೊಂಡು ಬನ್ನಿ. ಒಂದು ವಾರ ಬಿಟ್ಟು ಹೋಗಿ.

ಎಚ್ಚರಿಕೆ: ತೋಟದಿಂದ ಕಬ್ಬಿಣ ಕಳವಾಗೋದು ನಮ್ಮ ಕಡೆ ಹೊಸದೇನಲ್ಲ. ಗುಜರಿಯಿಂದ ತಗೊಂಡರೆ ಒಂದು ಚೀಟಿ ಬರೆಸಿಕೊಳ್ಳಿ. ತೋಟದಿಂದ ತಗೊಂಡರೆ ಸಾಹುಕಾರ್ರನ್ನೇ ಕೇಳಿ, ಇಲ್ಲವೇ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಹೇಳಿ ಬರೆಸಿ. ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಹತ್ತಿರ ಯಾರೋ ಹುಡುಗ 'ನೂರು ರೂಪಾಯಿ ಕೊಡಿ ಅಣ್ಣ' ಅಂತ ತಂದು ಕೊಟ್ಟದ್ದನ್ನು ತಗೊಳ್ಳಬೇಡಿ.

3. ತೊಳೆಯಬೇಡಿ, ಮೊದಲು ಓದಿ

ಹಳೆ ಬಾರ್ ಮೇಲೆ ಗುರುತುಗಳು ಮೂರು ರೀತಿ ಇರುತ್ತವೆ. ಪಂಚ್ ಹೊಡೆದು ಉಕ್ಕಿನ ಒಳಗೆ ಇಳಿಸಿದ್ದು, ಆಸಿಡ್‌ನಿಂದ ಮೇಲುಮೇಲೆ ಕೊರೆದದ್ದು, ಬಣ್ಣದಲ್ಲಿ ಅಚ್ಚು ಹಾಕಿದ್ದು. ಪಂಚ್ ಹೊಡೆದದ್ದು ಗಟ್ಟಿ, ಬೇಗ ಹೋಗೋದಿಲ್ಲ. ಉಳಿದ ಎರಡು ನಿಮ್ಮ ಉತ್ಸಾಹವನ್ನು ತಡೆದುಕೊಳ್ಳೋದಿಲ್ಲ.

ಹೀಗೆ ಮಾಡಿ. ಬಾರನ್ನು ಮೇಜಿನ ಮೇಲೆ ಮಲಗಿಸಿ. ಒಣ ಬಟ್ಟೆಯಿಂದ ಧೂಳು ಮಾತ್ರ ತೆಗೆಯಿರಿ. ಬಟ್ಟೆಯ ಮೂಲೆಯನ್ನು ಡೀಸೆಲ್‌ನಲ್ಲಿ ಅದ್ದಿ, ಬಾಲದಿಂದ ಒಂದು ಗೇಣು ಜಾಗದಲ್ಲಿ ಮೆಲ್ಲಗೆ ಒತ್ತಿ. ಉಜ್ಜೋದು ಬೇಡ, ಒದ್ದೆ ಆದರೆ ಸಾಕು. ಈಗ ರೂಮಿನ ಲೈಟ್ ಆರಿಸಿ, ಟಾರ್ಚನ್ನು ಬಾರಿನ ಮಟ್ಟಕ್ಕೇ ಇಳಿಸಿ ಅಡ್ಡ ಬೆಳಕು ಬಿಡಿ. ಮೇಲಿನಿಂದ ಬೆಳಕು ಬಿಟ್ಟರೆ ಬರೀ ತುಕ್ಕು ಕಾಣುತ್ತದೆ. ಅಡ್ಡದಿಂದ ಬಿಟ್ಟರೆ ತುಕ್ಕಿನ ಕೆಳಗೆ ಒಂದು ಗೆರೆ, ಒಂದು ಸೊನ್ನೆಯ ಅರ್ಧ, ಒಂದು ಅಕ್ಷರದ ಕಾಲು ಏಳುತ್ತದೆ. ಟಾರ್ಚನ್ನು ಸುತ್ತ ತಿರುಗಿಸುತ್ತಾ ಹೋಗಿ. ಒಂದು ಕಡೆಯಿಂದ 3 ಅನ್ನಿಸಿದ್ದು ಇನ್ನೊಂದು ಕಡೆಯಿಂದ 8 ಆಗಿರುತ್ತದೆ. ಈ ಎರಡು ಅಂಕಿಯ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಸ್ವಲ್ಪದರಲ್ಲೇ ಗೊತ್ತಾಗುತ್ತದೆ.

ಪಂಚ್ ಗುರುತಾದರೆ ಬಾರ್ ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಮಾಡಿ ತೇಯಿರಿ, ಬೆರಳಿಂದ ಒರೆಸಿ. ತಗ್ಗಿನಲ್ಲಿ ಬಿಳಿ ಉಳಿಯುತ್ತದೆ. ಇನ್ನೊಂದು ದಾರಿ, ಶಾಲೆಯಲ್ಲಿ ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ಲ, ಹಾಗೇ ತೆಳು ಕಾಗದ ಇಟ್ಟು ಪೆನ್ಸಿಲ್ ಆಡಿಸೋದು. ಆ ಕಾಗದವನ್ನು ನೋಟ್‌ಬುಕ್‌ಗೆ ಅಂಟಿಸಿ. ಎರಡೂ ಬದಿ ನೋಡಿ, ಬಾರ್ ತಿರುಗಿಸಿ ಹಾಕುವಂಥದ್ದು, ಗುರುತು ಯಾವ ಬದಿಯಲ್ಲೂ ಇರಬಹುದು.

ಒಂದು ಉದಾಹರಣೆ ಓದೋಣ. ಓರೆಗಾನ್ ಕಂಪನಿಯ ಬಾರ್ ಮೇಲೆ '203 ಆರ್‌ಎನ್‌ಡಿ ಡಿ025' ಅಂತ ಇದೆ ಅಂದುಕೊಳ್ಳಿ. ಮೊದಲ ಎರಡು ಅಂಕಿ 20, ಅಂದರೆ 20 ಇಂಚಿನ ಬಾರ್. ಮೂರನೆಯ ಅಂಕಿ ಗ್ರೂವ್‌ನ ಅಗಲ: 0 ಇದ್ದರೆ .050 ಇಂಚು, 8 ಇದ್ದರೆ .058, 3 ಇದ್ದರೆ .063. 'ಆರ್‌ಎನ್' ಅಂದರೆ ಮೂತಿ ಸವೆದರೆ ಮೂತಿ ಮಾತ್ರ ಬದಲಾಯಿಸಬಹುದಾದ ಬಾರ್. ಕೊನೆಯ 'ಡಿ025' ಬಾಲದ ಅಳತೆ: ಇದು ಜರ್ಮನಿಯ ಸ್ಟಿಲ್ ಕಂಪನಿಯ ಮಧ್ಯಮ, ದೊಡ್ಡ ಮೆಷಿನ್‌ಗೆ ಕೂರುತ್ತದೆ. ಅದೇ ಜಾಗದಲ್ಲಿ 'ಡಿ009' ಇದ್ದರೆ ಹಸ್ಕ್‌ವಾರ್ನಾದ ದೊಡ್ಡ ಮೆಷಿನ್‌ದು, 'ಕೆ095' ಇದ್ದರೆ ಅದೇ ಕಂಪನಿಯ ಚಿಕ್ಕ ಮೆಷಿನ್‌ದು. ನೋಡಿದಿರಾ, ಮೂರನೆಯ ಅಂಕಿ 3 ಅಂತ ಓದಿದಿರೋ 8 ಅಂತ ಓದಿದಿರೋ ಅನ್ನೋದರ ಮೇಲೆ ಚೈನ್ ಬೇರೆಯಾಗುತ್ತದೆ.

4. ಬಾಲ ನೋಡಿ, ಮೆಷಿನ್ ಹೇಳಿ

ಗುರುತೆಲ್ಲ ಅಳಿಸಿ ಹೋಗಿದ್ದರೂ ಬಾಲ ಉಳಿದಿರುತ್ತದೆ, ಯಾಕೆಂದರೆ ಅದು ಕ್ಲಚ್ ಕವರ್ ಒಳಗೆ ಅಡಗಿ ಕೂತಿರುತ್ತದೆ. ಇಲ್ಲಿ ಮೂರು ವಿಷಯ ಅಳೆಯಿರಿ.

ಮೊದಲನೆಯದು ಸ್ಲಾಟ್, ಅಂದರೆ ಮೆಷಿನ್‌ನ ಸ್ಟಡ್ ಬೋಲ್ಟ್ ಕೂರುವ ಉದ್ದ ಸೀಳು. ಅದರ ಅಗಲ ಕ್ಯಾಲಿಪರ್‌ನಲ್ಲಿ ನೋಡಿ. ಸುಮಾರು 12 ಮಿಲಿಮೀಟರ್ ಇದ್ದರೆ ಸ್ಟಿಲ್‌ನ ಮಧ್ಯಮ, ದೊಡ್ಡ ಮೆಷಿನ್‌ಗಳ ಕಡೆ ಯೋಚಿಸಿ. ಸುಮಾರು 9 ಇದ್ದರೆ ಹಸ್ಕ್‌ವಾರ್ನಾ ದೊಡ್ಡದು. 8ರ ಹತ್ತಿರ ಇದ್ದರೆ ಅದರ ಚಿಕ್ಕದು. ಹಳೆ ಕಾಲದ ಬೇರೆ ಮೇಕ್‌ಗಳಿಗೆ ಬೇರೆ ಬೇರೆ ಅಳತೆ ಇದೆ, ಆದ್ದರಿಂದ ಸ್ಲಾಟ್ ಒಂದನ್ನೇ ನಂಬಿ ತೀರ್ಮಾನ ಮಾಡಬೇಡಿ.

ಎರಡನೆಯದು ಟೆನ್ಷನ್ ಪಿನ್ ಕೂರುವ ತೂತು. ಚೈನ್ ಬಿಗಿ ಮಾಡುವ ಸ್ಕ್ರೂ ತಿರುಗಿಸಿದಾಗ ಬಾರನ್ನು ಮುಂದಕ್ಕೆ ತಳ್ಳುವ ಪಿನ್ ಇದು. ಸಾಮಾನ್ಯವಾಗಿ ಸ್ಲಾಟ್‌ನ ಮೇಲೊಂದು ಕೆಳಗೊಂದು ಇರುತ್ತದೆ, ಬಾರ್ ತಿರುಗಿಸಿ ಹಾಕಿದರೂ ಕೂರಲಿ ಅಂತ. ಮೂರನೆಯದು ಎಣ್ಣೆ ತೂತು. ಇದು ಚಿಕ್ಕದು, ಗ್ರೂವ್ ವರೆಗೆ ಹೋಗುತ್ತದೆ. ಹೊಟ್ಟು ಕಟ್ಟಿಕೊಂಡು ಕಾಣದೇ ಇರಬಹುದು, ತಂತಿ ಹಾಕಿ ನೋಡಿ. ಸ್ಲಾಟ್, ಪಿನ್ ತೂತು, ಎಣ್ಣೆ ತೂತು ಇವುಗಳ ಒಂದಕ್ಕೊಂದು ಇರುವ ದೂರವನ್ನು ಕಾಗದದ ಮೇಲೆ ಬಾಲ ಇಟ್ಟು ಪೆನ್ಸಿಲ್‌ನಲ್ಲಿ ಗೀಚಿ ಇಟ್ಟುಕೊಳ್ಳಿ. ಈ ಒಂದು ಚಿತ್ರ ಹತ್ತು ಫೋಟೊಗೆ ಸಮ.

ಜನ ಬೀಳುವ ಗುಂಡಿ ಇದು: ನಮ್ಮ ವರ್ಕ್‌ಶಾಪ್‌ಗಳಲ್ಲಿ ಯಾವ ಬಾರ್‌ನ್ನು ಯಾವ ಮೆಷಿನ್‌ಗೆ ಬೇಕಾದರೂ ಕೂರಿಸುತ್ತಾರೆ. ಸ್ಲಾಟ್ ಚಿಕ್ಕದಾಯಿತಾ, ಅರ ಹಾಕಿ ಅಗಲ ಮಾಡು. ಪಿನ್ ತೂತು ಸೇರಲಿಲ್ಲವಾ, ಪಕ್ಕದಲ್ಲಿ ಇನ್ನೊಂದು ಕೊರೆ. ಕೆಲಸಕ್ಕೆ ಬೇಕಾದವರ ಜಾಣತನ ಅದು, ನನಗೆ ತಕರಾರಿಲ್ಲ. ಆದರೆ ಗುರುತಿಸುವವರಿಗೆ ತಲೆನೋವು. ಅರದ ಗೀರು, ಒಂದು ಬದಿಗೆ ಮಾತ್ರ ಇರುವ ತೂತು, ಅಂಚಿನಲ್ಲಿ ಒರಟು ಇದ್ದರೆ ಆ ಬಾಲ ಸುಳ್ಳು ಹೇಳುತ್ತಿದೆ ಅಂತ ತಿಳಿಯಿರಿ. ಸ್ಲಾಟ್‌ನ ಒಳ ತುದಿಯ ಹತ್ತಿರ, ಅರ ತಲುಪದ ಜಾಗದಲ್ಲಿ ಮೂಲ ಅಗಲ ಉಳಿದಿರುತ್ತದೆ. ಅಲ್ಲಿ ಅಳೆಯಿರಿ. ಅಂಥ ಬಾರನ್ನು ನಾನು ಬಿಡೋದಿಲ್ಲ, ಅದಕ್ಕೂ ಒಂದು ಕಥೆ ಇದೆ. ಬೆಲೆ ಮಾತ್ರ ಕಮ್ಮಿ ಮಾಡಿಸಿ.

5. ಮೂತಿ ನೋಡಿ, ವಯಸ್ಸಿನ ಅಂದಾಜು ಮಾಡಿ

ಮೂತಿ ಮೂರು ಜಾತಿ. ಮೊದಲು ಬಂದದ್ದು ಹಾರ್ಡ್ ನೋಸ್. ತಿರುಗುವ ಭಾಗ ಯಾವುದೂ ಇಲ್ಲ, ಬರೀ ಗಟ್ಟಿ ಉಕ್ಕು. ಚೈನ್ ಅದರ ಮೇಲೆ ಉಜ್ಜಿಕೊಂಡೇ ಸುತ್ತುತ್ತದೆ. ಸವೆಯದಿರಲಿ ಅಂತ ಮೂತಿಯ ಅಂಚಿಗೆ ಸ್ಟೆಲ್ಲೈಟ್ ವೆಲ್ಡ್ ಮಾಡುತ್ತಾರೆ. ಸ್ಟೆಲ್ಲೈಟ್ ಅಂದರೆ ಕೋಬಾಲ್ಟ್ ಮತ್ತು ಕ್ರೋಮಿಯಂ ಸೇರಿದ ಬಹಳ ಗಡಸು ಲೋಹ. ಗುರುತಿಸೋದು ಸುಲಭ: ಬಾರ್ ಪೂರ್ತಿ ಕೆಂಪಗೆ ತುಕ್ಕು ಹಿಡಿದಿದ್ದರೂ ಮೂತಿಯ ಅಂಚು ಮಾತ್ರ ಬೆಳ್ಳಗೆ ಮಿಂಚುತ್ತಿರುತ್ತದೆ, ಎರಡು ಸೇರುವ ಕಡೆ ಒಂದು ಗೆರೆ ಕಾಣುತ್ತದೆ. ಸ್ಟಿಲ್ ತನ್ನ ಇಂಥ ಬಾರ್‌ಗೆ ಇಟ್ಟ ಹೆಸರು ಡ್ಯೂರೋಮ್ಯಾಟಿಕ್.

ಎರಡನೆಯದು ರೋಲರ್ ನೋಸ್. ಮೂತಿಯಲ್ಲಿ ಹಲ್ಲಿಲ್ಲದ ಒಂದು ಗಾಲಿ ಇರುತ್ತದೆ, ಚೈನ್ ಅದರ ಮೇಲೆ ಉರುಳುತ್ತದೆ. ಮೂರನೆಯದು ಈಗ ಎಲ್ಲ ಕಡೆ ಕಾಣುವ ಸ್ಪ್ರಾಕೆಟ್ ನೋಸ್, ಅಂದರೆ ಬಾರಿನ ಪದರಗಳ ನಡುವೆ ಹಲ್ಲಿನ ಚಕ್ರ. ಸ್ಟಿಲ್‌ನಲ್ಲಿ ಇದಕ್ಕೆ ರೋಲೋಮ್ಯಾಟಿಕ್ ಅಂತ ಹೆಸರು.

ರೋಲರ್ ನೋಸ್ ಸಿಕ್ಕರೆ ಬಿಡಬೇಡಿ, ಈಗ ಕಾಣಸಿಗೋದು ಕಮ್ಮಿ. ಆದರೆ 'ಹಾರ್ಡ್ ನೋಸ್ ಇದೆ, ಹಾಗಾದರೆ ಹಳೆಯದು' ಅನ್ನೋ ಲೆಕ್ಕ ತಪ್ಪು. ಮಣ್ಣು, ಮರಳು ಮೆತ್ತಿದ ಮರ ಕೊಯ್ಯೋರಿಗೆ ಅಂತ ಹಾರ್ಡ್ ನೋಸ್ ಇವತ್ತಿಗೂ ಹೊಸದಾಗಿ ಬರುತ್ತದೆ.

ಮೂತಿಯ ತುದಿಯಲ್ಲಿ ಒಂದೆರಡು ದೊಡ್ಡ ತೂತು ಇದೆಯಾ ಅಂತಲೂ ನೋಡಿ. ಇದ್ದರೆ ಅದು ಇಬ್ಬರು ಹಿಡಿದು ಕೊಯ್ಯುವ ಬಾರ್ ಇರಬಹುದು. ಆಚೆ ಕಡೆಯವನು ಹಿಡಿಯಲು ಅಲ್ಲಿ ಒಂದು ಹಿಡಿ ಕೂರಿಸುತ್ತಿದ್ದರು. ಮೊದಲ ಮೆಷಿನ್‌ಗಳೆಲ್ಲ ಹಾಗೇ ಇದ್ದವು. ಜರ್ಮನಿಯ ಎಮಿಲ್ ಲೆರ್ಪ್ 1927ರಲ್ಲಿ ಡಾಲ್ಮಾರ್ ಅನ್ನೋ ಬೆಟ್ಟದಲ್ಲಿ ತೋರಿಸಿದ ಪೆಟ್ರೋಲ್ ಚೈನ್ ಸಾ 58 ಕೆಜಿ ತೂಕ ಇತ್ತು. ಹೆಚ್ಚುಕಮ್ಮಿ ಒಂದು ಮೂಟೆ ಕಾಫಿಯನ್ನು ಇಬ್ಬರು ಹಿಡಿದು ಮರದ ಬುಡದಲ್ಲಿ ನಿಂತ ಹಾಗೆ. ಆ ಬೆಟ್ಟದ ಹೆಸರೇ ಅವರ ಕಂಪನಿಗೂ ಬಂತು.

6. ಗೇಜ್, ಪಿಚ್, ಉದ್ದ

ಇವು ಮೂರು ಇಲ್ಲದೆ ಬಾರಿನ ವಿವರ ಬರೆದರೆ ಅರ್ಧ ಬರೆದ ಹಾಗೆ.

ಗೇಜ್ ಅಂದರೆ ಗ್ರೂವ್‌ನ ಅಗಲ. ಚೈನಿನ ಕೆಳಗೆ ಇಳಿದಿರುವ ಹಲ್ಲು, ಅಂದರೆ ಡ್ರೈವ್ ಲಿಂಕ್, ಅದರೊಳಗೆ ಓಡುತ್ತದೆ. ಫೀಲರ್ ಗೇಜ್‌ನ ಎಲೆಗಳನ್ನು ಜೋಡಿಸಿ ತೂರಿಸಿ ನೋಡಿ. 1.3 ಮಿಲಿಮೀಟರ್ ಬಿಗಿಯಾಗಿ ಕೂತರೆ .050 ಇಂಚು, 1.5 ಆದರೆ .058, 1.6 ಆದರೆ .063. ಅಳೆಯುವ ಜಾಗ ಮುಖ್ಯ. ಬಾರಿನ ನಡುಭಾಗ ಸವೆದು ಅಗಲವಾಗಿರುತ್ತದೆ. ಬಾಲದ ಹತ್ತಿರ, ಚೈನ್ ಜಾಸ್ತಿ ಒತ್ತದ ಕಡೆ ಅಳೆದರೆ ನಿಜವಾದ ಸಂಖ್ಯೆ ಸಿಗುತ್ತದೆ. ಮೊದಲು ಗ್ರೂವ್ ಖಾಲಿ ಮಾಡಿ. ಎಣ್ಣೆ, ಮರದ ಹೊಟ್ಟು, ಮಣ್ಣು ಸೇರಿ ಹಳೆ ಬೆಲ್ಲದ ಹಾಗೆ ಗಟ್ಟಿಯಾಗಿರುತ್ತದೆ. ಮುರಿದ ಆಕ್ಸಾ ಬ್ಲೇಡಿನ ತುದಿಯನ್ನು ಕೊಕ್ಕೆ ಮಾಡಿ ಎಳೆಯಿರಿ, ಉದ್ದುದ್ದ ಎದ್ದು ಬರುತ್ತದೆ.

ಪಿಚ್ ಅಂದರೆ ಚೈನಿನ ಗಂಟುಗಳ ನಡುವಿನ ದೂರ. ಚೈನ್ ಇದ್ದರೆ ಸಾಲಾಗಿ ಮೂರು ರಿವೆಟ್ ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು ಎರಡರಿಂದ ಭಾಗಿಸಿ. 8.25 ಮಿಲಿಮೀಟರ್ ಬಂದರೆ .325 ಇಂಚು, 9.5 ಬಂದರೆ ಮೂರು ಬೈ ಎಂಟು, 10.26 ಬಂದರೆ .404. ಹಳೆ ದೊಡ್ಡ ಮೆಷಿನ್‌ಗಳಲ್ಲಿ ಏಳು ಬೈ ಹದಿನಾರು, ಅರ್ಧ ಇಂಚು ಕೂಡ ಇತ್ತು. 12.7 ಮಿಲಿಮೀಟರ್ ಪಿಚ್‌ನ ಚೈನ್ ಒಂದು ತುಂಡು ಸಿಕ್ಕರೂ ಎತ್ತಿಡಿ.

ಬಾರ್ ಮಾತ್ರ ಇದ್ದು ಚೈನ್ ಇಲ್ಲ ಅಂದರೆ? ಸ್ಪ್ರಾಕೆಟ್ ನೋಸ್ ಆದರೆ ಚಕ್ರದ ಹಲ್ಲಿಗೆ ಹೊಂದುವ ಪಿಚ್ ಒಂದೇ, ಎಷ್ಟೋ ಸಲ ಮೂತಿಯ ಮೇಲೇ ಬರೆದಿರುತ್ತದೆ. ಹಾರ್ಡ್ ನೋಸ್ ಆದರೆ ಈ ಪ್ರಶ್ನೆಯೇ ಇಲ್ಲ. ಹಲ್ಲಿನ ಚಕ್ರ ಇಲ್ಲದ ಮೇಲೆ ಪಿಚ್ ಎಲ್ಲಿಂದ ಬರಬೇಕು? ಗೇಜ್ ಹೊಂದಿದರೆ ಯಾವ ಪಿಚ್‌ನ ಚೈನಾದರೂ ಅದರ ಮೇಲೆ ಸುತ್ತುತ್ತದೆ. 'ಇದು .404ರ ಹಾರ್ಡ್ ನೋಸ್ ಬಾರ್' ಅಂತ ಮಾರುವವರು ಹೇಳಿದರೆ, ಅದಕ್ಕೆ ಹಾಕಿದ್ದ ಚೈನ್ ಬಗ್ಗೆ ಹೇಳುತ್ತಿದ್ದಾರೆ ಅಂತ ತಿಳಿಯಿರಿ.

ಉದ್ದ ಅಳೆಯುವಾಗ ಪೂರ್ತಿ ಉಕ್ಕನ್ನು ಅಳೆಯಬೇಡಿ. 20 ಇಂಚಿನ ಬಾರ್ ಅಂದರೆ ಮೆಷಿನ್‌ನಿಂದ ಹೊರಗೆ ಕಾಣುವ ಭಾಗ ಸುಮಾರು 20 ಇಂಚು. ಕವರ್ ಒಳಗೆ ಹೋಗುವ ಬಾಲ ಲೆಕ್ಕಕ್ಕಿಲ್ಲ. ನೋಟ್‌ಬುಕ್‌ನಲ್ಲಿ ಎರಡನ್ನೂ ಬರೆಯಿರಿ.

7. ಹೆಸರು, ಊರು, ಕಾಲ

ವರ್ಷ ಹಾಕಿದ ಬಾರ್ ಅಪರೂಪ. ಹಾಗಾಗಿ 'ಇದಕ್ಕಿಂತ ಹಿಂದೆ ಇರಲು ಸಾಧ್ಯವಿಲ್ಲ', 'ಇದಾದ ಮೇಲೆ ಇರಲು ಸಾಧ್ಯವಿಲ್ಲ' ಅನ್ನೋ ಎರಡು ಬೇಲಿ ಹಾಕಿಕೊಂಡು ನಡುವೆ ಹುಡುಕಬೇಕು.

'ವೆಸ್ಟ್ ಜರ್ಮನಿ' ಅಂತ ಇದ್ದರೆ ಬೇಲಿ ತಾನಾಗೇ ಸಿಗುತ್ತದೆ. ಆ ದೇಶ ಇದ್ದದ್ದೇ 1949ರಿಂದ 1990ರವರೆಗೆ. ಬರೀ 'ಜರ್ಮನಿ' ಅಂತ ಇದ್ದರೆ ಅದಕ್ಕಿಂತ ಹಿಂದಿನದೂ ಆಗಬಹುದು, ನಿನ್ನೆಯದೂ ಆಗಬಹುದು. ನಾನು ಉಜ್ಜಿ ಕಳೆದುಕೊಂಡದ್ದು ಈ ನಲವತ್ತೊಂದು ವರ್ಷದ ಬೇಲಿಯನ್ನು.

ಸ್ಟಿಲ್ ಕಂಪನಿ ಆಂಡ್ರಿಯಾಸ್ ಸ್ಟಿಲ್ ಅವರು 1926ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಶುರು ಮಾಡಿದ್ದು. ಗೇರ್ ಇಲ್ಲದೆ ನೇರ ಓಡುವ ಅವರ ಕಾಂಟ್ರಾ ಮೆಷಿನ್ 1959ರದು. 070 ಅದೇ ವಂಶದ್ದು. 106 ಸಿಸಿ ಇಂಜಿನ್, .404 ಪಿಚ್, .063 ಗೇಜ್. ದೊಡ್ಡ ಮರ ಕೊಯ್ಯುತ್ತಿದ್ದ ಹಳೆ ಟಿಂಬರ್ ಕಂಟ್ರಾಕ್ಟರ್‌ಗಳ ಹತ್ತಿರ 070 ಅಂದರೆ ಸಾಕು, ಕಣ್ಣು ಅರಳುತ್ತದೆ. ಉದ್ದ ಬಾರ್, ಹಾರ್ಡ್ ನೋಸ್, .063 ಗ್ರೂವ್, ದಪ್ಪ ಬಾಲ, ಈ ನಾಲ್ಕು ಒಟ್ಟಿಗೆ ಸಿಕ್ಕರೆ ಮೊದಲು ಈ ವಂಶದ ಕಡೆ ನೋಡಿ.

ಹಸ್ಕ್‌ವಾರ್ನಾ ಸ್ವೀಡನ್‌ನ ಕಂಪನಿ. 1689ರಲ್ಲಿ ಬಂದೂಕು ಮಾಡಲು ಶುರುವಾದದ್ದು. ಬಂದೂಕು ಅಂದರೆ ನಮ್ಮ ಊರಲ್ಲಿ ಕಿವಿ ನಿಮಿರುತ್ತದೆ, ಅಲ್ವಾ? ಆದರೆ ಅವರ ಮೊದಲ ಚೈನ್ ಸಾ ಬಂದದ್ದು 1959ರಲ್ಲಿ. ಆ ಹೆಸರಿನ ಬಾರ್‌ಗೆ ಯಾರಾದರೂ '1950ರದು' ಅಂತ ಹೇಳಿದರೆ ನಗುತ್ತಾ ಮುಂದೆ ಹೋಗಿ.

ಓರೆಗಾನ್ ಹುಟ್ಟಿದ್ದು 1947ರಲ್ಲಿ, ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ. ಜೋ ಕಾಕ್ಸ್ ಅನ್ನುವ ಮರ ಕಡಿಯುವ ಮನುಷ್ಯ, ಮರ ಕೊರೆಯುವ ಹುಳು ಎಡಕ್ಕೂ ಬಲಕ್ಕೂ ಕಚ್ಚುತ್ತಾ ಹೋಗೋದನ್ನು ನೋಡಿ ಚೈನಿನ ಹಲ್ಲಿನ ಆಕಾರ ಕಂಡುಹಿಡಿದರು. ನಮ್ಮ ಅರೇಬಿಕಾ ತೋಟದವರು ಕಾಂಡಕೊರಕ ಅಂದರೆ ಶಾಪ ಹಾಕುತ್ತಾರೆ. ಅದರ ದೂರದ ನೆಂಟನೊಬ್ಬ ಅಲ್ಲಿ ಕಂಪನಿ ಕಟ್ಟಿಸಿದ. ಈ ಕಂಪನಿಯ ಬಾರ್ ಮೇಲೆ 'ಓಮಾರ್ಕ್' ಅನ್ನೋ ಹೆಸರೂ ಇದ್ದರೆ ಖುಷಿಪಡಿ, ಅದು ಕಂಪನಿ ಕೈ ಬದಲಾಗುವ ಮೊದಲಿನ ಹೆಸರು. 1980ರ ದಶಕದ ನಡುವೆ ಬ್ಲೌಂಟ್ ಅದನ್ನು ಕೊಂಡಿತು.

ಮೆಕಲ್ಲಕ್, ಹೋಮ್‌ಲೈಟ್, ಜಾನ್ಸೆರೆಡ್, ಪಾರ್ಟ್ನರ್, ಪಯೋನಿಯರ್, ಇಂಗ್ಲೆಂಡಿನ ಡ್ಯಾನಾರ್ಮ್, ಟೆಲಿಸ್ ಇಂಥ ಹೆಸರು ಯಾವುದೇ ಕಂಡರೂ ತೂಕದ ರೇಟಿನ ಬಗ್ಗೆ ಚೌಕಾಸಿ ಮಾಡುತ್ತಾ ನಿಲ್ಲಬೇಡಿ, ತಗೊಂಡು ಬನ್ನಿ.

ಬಾರ್ ಮಾಡಿದ ರೀತಿಯನ್ನೂ ಬರೆದಿಡಿ. ಒಂದೇ ಉಕ್ಕಿನ ಹಲಗೆಗೆ ಗ್ರೂವ್ ಕೊರೆದದ್ದಾದರೆ ಸಾಲಿಡ್. ಮೂರು ತಗಡು ಒತ್ತಿ ವೆಲ್ಡ್ ಮಾಡಿದ್ದಾದರೆ ಲ್ಯಾಮಿನೇಟೆಡ್. ಅದರ ಮೈ ಮೇಲೆ ಬಿಂದಿ ಇಟ್ಟ ಹಾಗೆ ಸಣ್ಣ ಸಣ್ಣ ದುಂಡು ವೆಲ್ಡ್ ಕಲೆ ಸಾಲಾಗಿ ಕಾಣುತ್ತದೆ.

8. ಸವೆತ ಮತ್ತು ನಕಲಿ

ಕೂಡಿಡುವವರಿಗೆ ಸವೆತ ದೊಡ್ಡ ದೋಷವಲ್ಲ. ಆದರೆ ಎಷ್ಟು ಅಂತ ಗೊತ್ತಿರಬೇಕು. ಕಣ್ಣ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿ, ಬಾಗಿದೆಯಾ? ಕಿಟಕಿಯ ಗಾಜಿನ ಮೇಲೆ ಮಲಗಿಸಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ರೈಲಿನ ಅಂಚು ಹೊರಕ್ಕೆ ಮಡಚಿ ಚೂಪಾಗಿದೆಯಾ? ಬೆರಳು ಆಡಿಸಬೇಡಿ, ಕೊಯ್ಯುತ್ತದೆ. ರೈಲಿನ ಮೇಲೆ ನೀಲಿ ಕಲೆ ಇದೆಯಾ? ಎಣ್ಣೆ ಸಿಗದೆ ಬಿಸಿಯಾದ ಗುರುತು ಅದು. ಸ್ಟೆಲ್ಲೈಟ್ ಮೂತಿಯಲ್ಲಿ ಚೂರು ಎದ್ದಿದೆಯಾ ನೋಡಿ.

ಒಂದು ವಿಚಿತ್ರ ಕಲೆ ಬಗ್ಗೆ ಆಗಾಗ ಕೇಳುತ್ತಾರೆ. ಬಾರಿನ ಮೇಲೆ ಅಲ್ಲಲ್ಲಿ ತಾಮ್ರದ ಬಣ್ಣದ ತೆಳು ಪೊರೆ. 'ಇದು ತಾಮ್ರ ಲೇಪಿಸಿದ ಸ್ಪೆಷಲ್ ಬಾರಾ?' ಅಲ್ಲ. ಮೆಣಸಿಗೆ, ಕಾಫಿಗೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತಿನ ನೀರು ಅದರ ಮೇಲೆ ಚೆಲ್ಲಿದೆ. ಆ ನೀರು ಉಕ್ಕಿಗೆ ತಾಗಿದರೆ ತಾಮ್ರ ಬಂದು ಕೂರುತ್ತದೆ. ಕೊಡಗಿನ ಗೋಡೌನಿನಲ್ಲಿ ಇದ್ದ ಬಾರ್ ಅನ್ನೋದಕ್ಕೆ ಒಳ್ಳೆ ಸಾಕ್ಷಿ ಅದು. ನಾನು ಅದನ್ನು ಹಾಗೇ ಬಿಡುತ್ತೇನೆ.

ನಕಲಿ ಬಾರ್ ಈಗ ಬೇಕಾದಷ್ಟಿದೆ. ದೊಡ್ಡ ಕಂಪನಿಯ ಹೆಸರು ಇರುತ್ತದೆ, ಪಾರ್ಟ್ ನಂಬರ್ ಇರೋದಿಲ್ಲ. ಅಕ್ಷರ ಕಲಸಿದ ಹಾಗೆ, ಕಾಗುಣಿತ ತಪ್ಪು, ಮೂತಿಯ ರಿವೆಟ್ ಅಂಕುಡೊಂಕು. ನಕಲಿಗೂ ತುಕ್ಕು ಹಿಡಿಯುತ್ತದೆ. ನಮ್ಮ ಒಂದು ಮಳೆಗಾಲ ಹೊರಗೆ ಇಟ್ಟರೆ ಯಾವ ಹೊಸ ಬಾರಾದರೂ ಅಜ್ಜನ ಕಾಲದ್ದು ಅನ್ನಿಸುತ್ತದೆ. ತುಕ್ಕು ನೋಡಿ ವಯಸ್ಸು ಹೇಳಬೇಡಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೂಡಿಟ್ಟ ಬಾರನ್ನು ಮೆಷಿನ್‌ಗೆ ಹಾಕಿ 'ಒಂದ್ಸಲ ಓಡಿಸಿ ನೋಡೋಣ' ಅನ್ನಬೇಡಿ. ರೈಲು ಸಡಿಲ ಇರುವ ಬಾರಿನಿಂದ ಚೈನ್ ಹಾರುತ್ತದೆ. ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮೆಷಿನ್ ಮುಖಕ್ಕೆ ಚಿಮ್ಮುತ್ತದೆ, ಇದನ್ನೇ ಕಿಕ್‌ಬ್ಯಾಕ್ ಅನ್ನೋದು. ಹಳೆ ಮೆಷಿನ್‌ಗಳಲ್ಲಿ ಅದನ್ನು ತಡೆಯುವ ಚೈನ್ ಬ್ರೇಕೂ ಇರೋದಿಲ್ಲ.

9. ಈಗ ತುಕ್ಕು ತೆಗೆಯಿರಿ

ಓದಿದ್ದಾಯಿತು, ಅಳೆದದ್ದಾಯಿತು, ಫೋಟೊ ಆಯಿತು. ಈಗ ಕೈ ಹಾಕಬಹುದು.

ಬಣ್ಣದ ಅಚ್ಚು ಒಂದು ಚೂರು ಉಳಿದಿದ್ದರೂ ಬಾರನ್ನು ಎಲ್ಲೂ ಮುಳುಗಿಸಬೇಡಿ. ಡೀಸೆಲ್ ಮತ್ತು ಹಲ್ಲುಜ್ಜುವ ಬ್ರಷ್, ಅಷ್ಟೇ. ಬಣ್ಣ ಇಲ್ಲದ ಕಡೆ ತೆಂಗಿನ ನಾರಿನಿಂದ ತಿಕ್ಕಿ.

ಬಣ್ಣವೇ ಇಲ್ಲದ, ತುಕ್ಕು ದಪ್ಪ ಕಟ್ಟಿದ ಬಾರ್‌ಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಲೀಟರ್ ನೀರಿಗೆ 50 ಗ್ರಾಂ. ಅಷ್ಟು ಉದ್ದದ ಪಾತ್ರೆ ಎಲ್ಲಿ ಅಂತ ಕೇಳುತ್ತೀರಿ. ಪಿವಿಸಿ ಪೈಪಿನ ಒಂದು ತುದಿ ಮುಚ್ಚಿ ನಿಲ್ಲಿಸಿ, ಬಾರ್ ಇಳಿಬಿಡಿ. ಗಂಟೆಗೊಮ್ಮೆ ತೆಗೆದು ನೋಡಿ, ರಾತ್ರಿ ಇಡೀ ಬಿಟ್ಟರೆ ಆಸಿಡ್‌ನಿಂದ ಕೊರೆದ ಅಕ್ಷರವನ್ನೂ ತಿನ್ನುತ್ತದೆ. ತೆಗೆದ ಮೇಲೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ತಕ್ಷಣ ಒರೆಸಿ ಬಿಸಿಲಿಗೆ ಇಡಿ. 'ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿ) ಹಾಕಬಹುದಾ?' ಅಂತ ಒಬ್ಬರು ಕೇಳಿದ್ದರು. ಹುಳಿಯೇನೋ ಹುಳಿಯೇ. ಆದರೆ ಅದರ ರೇಟು ಗೊತ್ತಿದ್ದೂ ಬಾರ್‌ಗೆ ಸುರಿಯುವ ಮನಸ್ಸು ಹೇಗೆ ಬರುತ್ತದೆ? ಹಂದಿ ಕರಿಗೆ ಇರಲಿ ಬಿಡಿ.

ಬ್ಯಾಟರಿ ಚಾರ್ಜರ್ ಇದ್ದವರು ವಿದ್ಯುತ್ತಿನಿಂದಲೂ ತುಕ್ಕು ತೆಗೆಯಬಹುದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು, ಐದು ಲೀಟರ್‌ಗೆ ಒಂದು ದೊಡ್ಡ ಚಮಚ ಬಟ್ಟೆ ಸೋಡಾ. ಮೈನಸ್ ಬಾರ್‌ಗೆ, ಪ್ಲಸ್ ಬೇಡದ ಕಬ್ಬಿಣದ ಕಂಬಿಗೆ, ಎರಡೂ ತಾಗದ ಹಾಗೆ. 12 ವೋಲ್ಟ್ ಸಾಕು. ವೈರ್ ಅದಲುಬದಲಾದರೆ ಕಂಬಿ ಉಳಿದು ಬಾರ್ ಸವೆಯುತ್ತದೆ. ಕಂಬಿಯ ಬದಲು ಸ್ಟೀಲ್ ಚಮಚ, ತಟ್ಟೆ ಬಳಸಬೇಡಿ, ನೀರಿಗೆ ವಿಷ ಸೇರುತ್ತದೆ. ಸೋಡಾ ಬದಲು ಉಪ್ಪು ಹಾಕಬೇಡಿ, ಕ್ಲೋರಿನ್ ಏಳುತ್ತದೆ. ಉರಿಯುವ ಗಾಳಿಯೂ ಹುಟ್ಟುವುದರಿಂದ ಈ ಕೆಲಸ ಅಂಗಳದಲ್ಲೇ ಮಾಡಿ, ಬೀಡಿ ಹತ್ತಿರ ತರಬೇಡಿ.

ರೋಲರ್, ಸ್ಪ್ರಾಕೆಟ್ ಮೂತಿಯನ್ನು ಇದ್ಯಾವುದರಲ್ಲೂ ಮುಳುಗಿಸಬೇಡಿ. ಒಳಗಿನ ಬೇರಿಂಗ್‌ಗೆ ನೀರು ಹೋದರೆ ಅಲ್ಲಿಗೆ ಮುಗಿಯಿತು. ಮೂತಿ ಮೇಲೆ ಮಾಡಿ, ಬಾಲದ ಕಡೆಯಿಂದ ಮುಳುಗಿಸಿ. ಬೇರಿಂಗ್‌ಗೆ ಮೊದಲು ಎರಡು ದಿನ ತೆಳು ಎಣ್ಣೆ ಬಿಟ್ಟು, ಆಮೇಲೆ ಮೆಲ್ಲಗೆ ತಿರುಗಿಸಿ.

10. ಮಳೆಗಾಲಕ್ಕೆ ಇಡೋದು

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬೆಂಕಿಪೊಟ್ಟಣವೇ ಹತ್ತೋದಿಲ್ಲ, ಇನ್ನು ಉಕ್ಕಿನ ಗತಿ ಏನು? ಹೊಸ ಇಂಜಿನ್ ಆಯಿಲ್ ತೆಳುವಾಗಿ ಹಚ್ಚಿ, ತಿಂಗಳಿಗೊಮ್ಮೆ ಒರೆಸಿ ಮತ್ತೆ ಹಚ್ಚಿ. ಗ್ರೂವ್ ಒಳಗೂ ಬಿಡಿ. ಬೈಕಿನಿಂದ ತೆಗೆದ ಕರಿ ಎಣ್ಣೆ ಬೇಡ, ಅದರಲ್ಲಿ ಆಸಿಡ್ ಅಂಶ ಇರುತ್ತದೆ.

ನ್ಯೂಸ್‌ಪೇಪರ್ ಸುತ್ತಿ ಇಡಬೇಡಿ, ಗೋಣಿಚೀಲದಲ್ಲಿ ಬೇಡವೇ ಬೇಡ. ಎರಡೂ ಗಾಳಿಯ ತೇವ ಹೀರಿ ಬಾರ್‌ಗೆ ಒತ್ತಿ ಕೂರುತ್ತವೆ. ಗೋಡೆಗೆ ಒರಗಿಸಬೇಡಿ, ಬಾಲದ ತೂತಿನಿಂದ ನೇತುಹಾಕಿ, ಒಂದಕ್ಕೊಂದು ತಾಗದ ಹಾಗೆ. ಎಲ್ಲಕ್ಕಿಂತ ಮುಖ್ಯ, ಗೊಬ್ಬರ ಇಡುವ ಗೋಡೌನಿನಲ್ಲಿ ಇಡಬೇಡಿ. ಪೊಟ್ಯಾಷ್ ಮೂಟೆಯ ಪಕ್ಕ ಒಂದು ಮಳೆಗಾಲ ಕಳೆದ ಬಾರನ್ನು ಮತ್ತೆ ಓದಲು ಆಗೋದಿಲ್ಲ.

ಪ್ರತಿ ಬಾರ್‌ಗೂ ಒಂದು ನಂಬರ್ ಕೊಡಿ. ಬಾರ್ ಮೇಲೆ ಪೇಂಟಿನಲ್ಲಿ ಬರೆಯಬೇಡಿ, ಪ್ಲಾಸ್ಟಿಕ್ ಚೀಟಿಯನ್ನು ನೂಲಿನಲ್ಲಿ ಕಟ್ಟಿ. ತಾಮ್ರದ ತಂತಿ ಬೇಡ, ತೇವದಲ್ಲಿ ಅದು ತಾಗಿದ ಕಡೆ ಉಕ್ಕು ಬೇಗ ತಿಂದು ಹೋಗುತ್ತದೆ. ನೋಟ್‌ಬುಕ್‌ನಲ್ಲಿ ಆ ನಂಬರಿನ ಪುಟಕ್ಕೆ ಬಾಲದ ಚಿತ್ರ, ಪೆನ್ಸಿಲ್ ಅಚ್ಚು, ಗೇಜ್, ಪಿಚ್, ಎರಡು ಉದ್ದ, ಮೂತಿಯ ಜಾತಿ. ಮತ್ತೆ ಯಾವ ತೋಟದಿಂದ ಬಂತು, ಯಾವ ಮೆಷಿನ್‌ನಲ್ಲಿ ಇತ್ತು, ಯಾವ ಮರ ಕೊಯ್ದಿತ್ತು ಅಂತ ಕೊಟ್ಟವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ಮೆಷಿನ್ ಓಡಿಸಿದ ಹಳಬರು ಇನ್ನೂ ಇದ್ದರೆ ಬಾರನ್ನೇ ಹಿಡಿದುಕೊಂಡು ಅವರ ಮನೆಗೆ ಹೋಗಿ. ಫೋಟೊ ತೋರಿಸಿದರೆ 'ಗೊತ್ತಿಲ್ಲ' ಅನ್ನುವವರು, ಕೈಗೆ ಕೊಟ್ಟರೆ ತಿರುಗಿಸಿ ನೋಡಿ, ಸ್ಲಾಟ್‌ಗೆ ಹೆಬ್ಬೆರಳು ಇಟ್ಟು ಮೆಷಿನ್ ಹೆಸರು ಹೇಳುತ್ತಾರೆ.

ಗುರುತಿಸಲು ನನಗೆ ಕಳಿಸುವವರು ನಾಲ್ಕು ಫೋಟೊ ಕಳಿಸಿ: ಪಕ್ಕದಲ್ಲಿ ಸ್ಕೇಲು ಇಟ್ಟು ನೇರ ಮೇಲಿನಿಂದ ತೆಗೆದ ಬಾಲ, ಮೂತಿ, ಅಡ್ಡ ಬೆಳಕಿನಲ್ಲಿ ಗುರುತು ಇರುವ ಜಾಗ, ಪೂರ್ತಿ ಬಾರ್. ತುಕ್ಕು ಹಾಗೇ ಇರಲಿ.